ಕಾಣಿಕೆಯೋ, ಕೊಳ್ಳೆಯೋ? ‘ಕ್ರಿಸ್ತಪುರಾಣ’ದ ಹಿನ್ನೆಲೆಯಲ್ಲಿ ಪರಂಪರೆಯ ಕಲೆಗಳ ಮೌಲ್ಯವಿಚಾರ

ಪರಂಪರೆಯಿಂದ ಬಂದ ಹಾಡು, ಕಾವ್ಯ, ಕುಶಲಕಲೆ, ನಡೆನುಡಿಗಳಿಗೆ ಧರ್ಮಸಭೆಯ ಬಾಳಿನಲ್ಲಿ ಯಾವ ಸ್ಥಾನವಿದೆ ಎಂಬ ಪ್ರಶ್ನೆಗೆ ನಮ್ಮ ಗುರುಮಠಗಳಲ್ಲಿ ಸಾಮಾನ್ಯವಾಗಿ ಸಿದ್ಧ ಉತ್ತರವೊಂದು ದೊರೆಯುತ್ತದೆ. ಶುಭಸಂದೇಶ ತಿರುಳು, ಸಂಸ್ಕೃತಿ ಸಿಪ್ಪೆ. ತಿರುಳು ಬದಲಾಗದು, ಸಿಪ್ಪೆಯನ್ನು ದೇಶಕಾಲಕ್ಕೆ ತಕ್ಕಂತೆ ಬದಲಿಸಿಕೊಳ್ಳಬಹುದು ಎಂಬುದು ಆ ಉತ್ತರ. ಮೇಲ್ನೋಟಕ್ಕೆ ಇದು ಉದಾರವಾದ ನಿಲುವು. ಆದರೆ ಸಿಪ್ಪೆಯೆಂದು ಕರೆದ ವಸ್ತುವಿಗೆ ಯಾರೂ ಬಹುಕಾಲ ಗೌರವ ಕೊಡುವುದಿಲ್ಲ. ಹಬ್ಬದ ದಿನ ಆರತಿ, ಉಳಿದ ದಿನ ಮರೆವು. ಧರ್ಮಾಧ್ಯಕ್ಷರು ಬಂದಾಗ ಡೊಳ್ಳು, ಅವರು ಹೋದ ಮೇಲೆ ಧ್ವನಿಮುದ್ರಿತ ವಾದ್ಯ. ಇದು ಈ ನಿಲುವಿನ ಸಹಜ ಪರಿಣಾಮವೇ ಹೊರತು ಆಕಸ್ಮಿಕವಲ್ಲ.

ರೂಪವೆಂಬುದು ಹೊದಿಕೆ ಮಾತ್ರವೇ, ಅಥವಾ ವಿಶ್ವಾಸದ ಅರಿವಿಗೆ ಅದು ತಾನೇ ಏನನ್ನಾದರೂ ಕೊಡುತ್ತದೆಯೇ? ಈ ಪ್ರಶ್ನೆಯನ್ನು ಅಮೂರ್ತವಾಗಿ ಚರ್ಚಿಸುವುದಕ್ಕಿಂತ ಒಂದು ಕೃತಿಯ ಮೇಲೆ ಒರೆಹಚ್ಚಿ ನೋಡುವುದು ಲೇಸು. ಅದಕ್ಕಾಗಿ ನಾನು ಆರಿಸಿಕೊಂಡಿರುವುದು ಥಾಮಸ್ ಸ್ಟೀಫನ್ಸ್ ಅವರ ‘ಕ್ರಿಸ್ತಪುರಾಣ’. ಅದು ಗೋವೆಯ ಕೃತಿ, ಮರಾಠಿ ಕೃತಿ. ಆದರೂ ಅದು ನಮ್ಮ ಕರಾವಳಿಯಲ್ಲಿ ಬಾಳಿದ ರೀತಿಯಿಂದಾಗಿ ಕನ್ನಡನಾಡಿನ ಧರ್ಮಸಭೆಗೂ ನೇರವಾಗಿ ಸೇರಿದೆ.

ಪುರಾಣವೆಂಬ ರೂಪ

ಇಂಗ್ಲೆಂಡಿನಲ್ಲಿ 1549ರಲ್ಲಿ ಹುಟ್ಟಿದ ಸ್ಟೀಫನ್ಸ್ ಯೇಸುಸಭೆಯನ್ನು ಸೇರಿ 1579ರಲ್ಲಿ ಗೋವೆಗೆ ಬಂದರು; 1619ರಲ್ಲಿ ಅಲ್ಲಿಯೇ ದೈವಾಧೀನರಾದರು. ನಲವತ್ತು ವರ್ಷಗಳ ಈ ವಾಸದಲ್ಲಿ ಅವರು ಕೊಂಕಣಿ, ಮರಾಠಿಗಳನ್ನು ಶಾಸ್ತ್ರೀಯವಾಗಿ ಕಲಿತರು. ಅವರು ರಚಿಸಿದ ವ್ಯಾಕರಣ 1640ರಲ್ಲಿ, ಅವರ ಮರಣಾನಂತರ, ರಾಚೋಲಿನಲ್ಲಿ ಅಚ್ಚಾಯಿತು. ಅದರ ಹೆಸರಿನಲ್ಲಿರುವ ‘ಕಾನಾರಿಂ’ ಎಂಬ ಶಬ್ದ ಕನ್ನಡವನ್ನಲ್ಲ, ಕೊಂಕಣಿಯನ್ನು ಸೂಚಿಸುತ್ತದೆ. 1616ರಲ್ಲಿ ಮೊದಲು ಅಚ್ಚಾದ ‘ಕ್ರಿಸ್ತಪುರಾಣ’ದಲ್ಲಿ ಸುಮಾರು 11,000 ಓವಿಗಳಿವೆ. ಮೊದಲ ಪುರಾಣ ಸೃಷ್ಟಿಯಿಂದ ಹಳೆಯ ಒಡಂಬಡಿಕೆಯ ಕಥೆಯನ್ನು ಹೇಳಿದರೆ, ಎರಡನೆಯದು ಕ್ರಿಸ್ತಜನನದಿಂದ ಆರಂಭವಾಗುತ್ತದೆ.

ಸ್ಟೀಫನ್ಸ್ ಜ್ಞಾನೋಪದೇಶದ ಪುಸ್ತಕವನ್ನೂ ಬರೆದಿದ್ದಾರೆ. ಮಾರ್ಕೊಸ್ ಜೋರ್ಜ್ ಅವರ ಪೋರ್ಚುಗೀಸ್ ಮಾದರಿಯನ್ನು ಅನುಸರಿಸಿದ ಆ ಕೊಂಕಣಿ ಪುಸ್ತಕ 1622ರಲ್ಲಿ ಅಚ್ಚಾಯಿತು. ಒಬ್ಬನೇ ಲೇಖಕನ ಈ ಎರಡು ಕೃತಿಗಳನ್ನು ಜೊತೆಗಿಟ್ಟು ನೋಡಿದರೆ ರೂಪದ ಕೆಲಸವೇನೆಂಬುದು ಸ್ಪಷ್ಟವಾಗುತ್ತದೆ. ಜ್ಞಾನೋಪದೇಶದಲ್ಲಿಯೂ ಪ್ರಶ್ನೋತ್ತರವಿದೆ, ಪುರಾಣದಲ್ಲಿಯೂ ಇದೆ. ಆದರೆ ಜ್ಞಾನೋಪದೇಶದಲ್ಲಿ ಪ್ರಶ್ನೆ ಕೇಳುವವನು ಉತ್ತರ ಬಲ್ಲ ಗುರು. ಶಿಷ್ಯ ಬಾಯಿಪಾಠ ಒಪ್ಪಿಸುತ್ತಾನೆ. ಪುರಾಣದಲ್ಲಿ ಪ್ರಶ್ನೆ ಕೇಳುವವರು ಶ್ರೋತೃಗಳು. ಅವರಿಗೆ ಸಂದೇಹವಿದೆ, ಕುತೂಹಲವಿದೆ, ಅಳಲಿದೆ. ಪುರಾಣಶ್ರವಣದ ಸಂಪ್ರದಾಯದಲ್ಲಿ ಸೂತನನ್ನು ಋಷಿಗಳು ಪ್ರಶ್ನಿಸುವುದು ಕಥೆಯ ಓಟಕ್ಕೆ ಅಗತ್ಯವಾದ ಅಂಗ. ಈ ಅಂಗವನ್ನು ಸ್ವೀಕರಿಸಿದ ಕೂಡಲೇ, ಬೋಧಕನಿಗೆ ಪ್ರಿಯವಲ್ಲದ ಪ್ರಶ್ನೆಗೂ ಕಾವ್ಯದೊಳಗೆ ಜಾಗ ಮಾಡಿಕೊಡಬೇಕಾಗುತ್ತದೆ.

ಅಂಥ ಒಂದು ಪ್ರಶ್ನೆ ಕೃತಿಯ ಆರಂಭದಲ್ಲಿಯೇ ಬರುತ್ತದೆ. ಹೊಸದಾಗಿ ದೀಕ್ಷೆ ಪಡೆದವನೊಬ್ಬ ಗುರುವನ್ನು ಕೇಳುತ್ತಾನೆ: ನಮ್ಮ ಹಿಂದಿನ ಪುರಾಣಗಳನ್ನು ನಿಷೇಧಿಸಿದ್ದೀರಿ, ಅವುಗಳ ಬದಲಿಗೆ ಅಂಥದ್ದೇ ಒಂದನ್ನು ನಮಗೇಕೆ ಕೊಡುವುದಿಲ್ಲ? ಇದು ಸಾಧಾರಣ ಪೀಠಿಕೆಯಲ್ಲ. ಸಾಷ್ಟಿ ಪ್ರಾಂತ್ಯದಲ್ಲಿ 16ನೆಯ ಶತಮಾನದ ಉತ್ತರಾರ್ಧದಲ್ಲಿ ದೇಗುಲಗಳು ನೆಲಕಚ್ಚಿದ್ದವು, ಗ್ರಂಥಗಳು ಮುಟ್ಟುಗೋಲಾಗಿದ್ದವು. ಶ್ರವಣದ ಸುಖವನ್ನು ಕಳೆದುಕೊಂಡ ಜನತೆಯ ಹಸಿವು ಆ ಪ್ರಶ್ನೆಯಲ್ಲಿದೆ. ಆ ಹಸಿವಿಗೆ ಜ್ಞಾನೋಪದೇಶ ಸಾಲದು ಎಂಬುದನ್ನು ಸ್ಟೀಫನ್ಸ್ ಕಂಡುಕೊಂಡರು. ಅವರು ಪುರಾಣರೂಪವನ್ನು ಆರಿಸಿದ್ದು ಅಲಂಕಾರಕ್ಕಾಗಿ ಅಲ್ಲ. ನಿಷೇಧದಿಂದ ಉಂಟಾದ ಗಾಯಕ್ಕೆ ಮದ್ದಾಗಿ.

ರೂಪ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಪುರಾಣವೆಂದರೆ ಸೃಷ್ಟಿಯಿಂದ ಮೊದಲಾಗಬೇಕು. ಆದ್ದರಿಂದ ಕ್ರಿಸ್ತನ ಕಥೆಯನ್ನು ಪುರಾಣವಾಗಿ ಹೇಳಹೊರಟವನು ನೇರವಾಗಿ ಬೆತ್ಲೆಹೇಮಿಗೆ ಹೋಗಲಾರ. ಇಸ್ರಯೇಲಿನ ದೀರ್ಘ ನಿರೀಕ್ಷೆಯ ಮೂಲಕವೇ ನಡೆದು ಬರಬೇಕು. ಆ ಕಾಲದ ಸಾಮಾನ್ಯ ಬೋಧನೆಯಲ್ಲಿ ವಿಶ್ವಾಸಸಂಗ್ರಹ, ಹತ್ತು ಕಟ್ಟಳೆ, ಸಂಸ್ಕಾರಗಳ ಪಟ್ಟಿಗೆ ಸಿಕ್ಕ ಸ್ಥಾನ ರಕ್ಷಣೆಯ ಇತಿಹಾಸಕ್ಕೆ ಸಿಕ್ಕಿರಲಿಲ್ಲ. ದೇಶೀಯ ಸಾಹಿತ್ಯರೂಪವೊಂದರ ಕಟ್ಟುಪಾಡು ಬೋಧಕನನ್ನು ಪವಿತ್ರಗ್ರಂಥದ ಕಥನಕ್ರಮಕ್ಕೇ ಮರಳಿಸಿತು. ಸಿಪ್ಪೆ ಮಾಡಲಾಗದ ಕೆಲಸವಿದು.

ಕನ್ನಡ ಓದುಗರಿಗೆ ಇದರಲ್ಲಿ ಹೊಸತೇನೂ ಕಾಣದು. ಪಂಪ ಕ್ರಿ.ಶ. 941ರ ಹೊತ್ತಿಗೆ ಆದಿತೀರ್ಥಂಕರನ ಚರಿತೆಯನ್ನು ಚಂಪುವಿನಲ್ಲಿ ಹೇಳಿದಾಗ ಜಿನಾಗಮಕ್ಕೆ ಕಾವ್ಯದ ಬಟ್ಟೆ ತೊಡಿಸಿದನೆಂದು ನಾವು ಹೇಳುವುದಿಲ್ಲ. ಭೋಗದ ವೈಭವವನ್ನು ಪೂರ್ಣವಾಗಿ ವರ್ಣಿಸುವ ಕಾವ್ಯಸಂಪ್ರದಾಯ ಇದ್ದುದರಿಂದಲೇ ನೀಲಾಂಜನೆಯ ನೃತ್ಯದ ನಡುವೆ ವೈರಾಗ್ಯ ಅಷ್ಟು ತೀಕ್ಷ್ಣವಾಗಿ ಮೂಡಿತು. ವಚನಕಾರರು ಆ ಮಾರ್ಗವನ್ನು ಬಿಟ್ಟು ಆಡುಮಾತನ್ನು ಹಿಡಿದಾಗಲೂ ಅಷ್ಟೆ. ಅವರ ಅನುಭಾವವನ್ನು ಆ ರೂಪದಿಂದ ಬಿಡಿಸಿ ಬೇರೆ ಇಡಲಾಗದು.

ಉಳಿಸಿದವರು ಯಾರು?

‘ಕ್ರಿಸ್ತಪುರಾಣ’ 1616, 1649, 1654ರಲ್ಲಿ ಮೂರು ಬಾರಿ ಅಚ್ಚಾಯಿತು. ಆ ಮೂರು ಮುದ್ರಣಗಳಲ್ಲಿ ಒಂದರ ಪ್ರತಿಯೂ ಇಂದು ದೊರೆಯುವುದಿಲ್ಲ. 1684ರಲ್ಲಿ ಗೋವೆಯ ಪೋರ್ಚುಗೀಸ್ ಆಡಳಿತ, ಜನರು ಮೂರು ವರ್ಷಗಳೊಳಗೆ ತಮ್ಮ ನುಡಿಯನ್ನು ಬಿಟ್ಟು ಪೋರ್ಚುಗೀಸನ್ನೇ ಆಡಬೇಕೆಂದು ಆಜ್ಞೆ ಹೊರಡಿಸಿತು. ಮುದ್ರಣಾಲಯವನ್ನು ತಂದ ಅಧಿಕಾರವೇ ಮುದ್ರಿತ ಕಾವ್ಯದ ನುಡಿನೆಲವನ್ನು ಕಿತ್ತುಹಾಕಲು ಹೊರಟಿತು. ಕೃತಿ ಉಳಿದದ್ದು ಕೈಬರಹದ ಪ್ರತಿಗಳಲ್ಲಿ ಮತ್ತು ಹಾಡುವವರ ಕೊರಳಲ್ಲಿ. ಗೋವೆಯಿಂದ ಕನ್ನಡ ಕರಾವಳಿಗೆ ವಲಸೆ ಬಂದ ಕುಟುಂಬಗಳು ಅದನ್ನು ತಮ್ಮೊಡನೆ ತಂದವು. 1907ರಲ್ಲಿ ಜೋಸೆಫ್ ಎಲ್. ಸಲ್ಡಾನ್ಹಾ ಅವರು ಹಸ್ತಪ್ರತಿಗಳನ್ನು ಹೋಲಿಸಿ ಮಂಗಳೂರಿನಿಂದ ಹೊರತಂದ ಆವೃತ್ತಿಯ ಹಿಂದೆ ಈ ಅನಾಮಧೇಯ ಲಿಪಿಕಾರರ, ಗಾಯಕರ ಶ್ರಮವಿದೆ.

ಓವಿಯ ಸ್ವರೂಪವೇ ಇದಕ್ಕೆ ನೆರವಾಯಿತು. ಮೂರು ಪಾದಗಳಲ್ಲಿ ಪ್ರಾಸ, ನಾಲ್ಕನೆಯದು ಗಿಡ್ಡ: ಉಸಿರಿನ ಅಳತೆಗೆ ತಕ್ಕ, ನೆನಪಿನಲ್ಲಿ ನಿಲ್ಲುವ ಕಟ್ಟು. ಜ್ಞಾನೇಶ್ವರರಿಂದ ಏಕನಾಥರವರೆಗೆ ಮರಾಠಿ ಸಂತಕವಿಗಳು ಬಳಸಿದ ಛಂದಸ್ಸು ಅದು. ಜೊತೆಗೆ ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರ ಹಾಡಿನ ಹೆಸರೂ ಅದೇ. ನಮ್ಮ ತ್ರಿಪದಿಯ ಸ್ಥಿತಿಯೂ ಹೀಗೆಯೇ: ಸರ್ವಜ್ಞನ ನಾಲಗೆಯಲ್ಲಿಯೂ ಅದೇ, ರಾಗಿ ಬೀಸುವ ಗರತಿಯ ನಾಲಗೆಯಲ್ಲಿಯೂ ಅದೇ. ಮಂಗಳೂರಿನ ಕೊಂಕಣಿ ಕ್ರೈಸ್ತರಲ್ಲಿ ಮದುವೆಯ ಮುನ್ನಾದಿನದ ‘ರೋಸ್’ ಆಚರಣೆಯ ಹೊತ್ತಿಗೆ, ವಧೂವರರಿಗೆ ತೆಂಗಿನಹಾಲು ಹಚ್ಚುವಾಗ ಹಿರಿಯ ಹೆಂಗಸರು ಹಾಡುವ ಹಾಡುಗಳಿಗೆ ‘ವೊವಿಯೊ’ ಎನ್ನುತ್ತಾರೆ. ಅದು ಓವಿಯೇ. ಶಿಲುಬೆಯ ಗುರುತಿನಿಂದ ಆರಂಭಿಸಿ, ತಂದೆತಾಯಿಗಳನ್ನು ನೆನೆದು, ನೆಂಟರಿಷ್ಟರನ್ನು ಕರೆದು, ಮದುಮಕ್ಕಳನ್ನು ಹರಸುವ ಈ ಹಾಡಿನಲ್ಲಿ ಯಾವ ದೈವಶಾಸ್ತ್ರಜ್ಞನೂ ಬರೆಯದ ವಿವಾಹಸಂಸ್ಕಾರದ ವ್ಯಾಖ್ಯಾನವಿದೆ. ಆ ಹೊತ್ತಿಗೆ ಅಬ್ಬರದ ಧ್ವನಿವರ್ಧಕ ಬಂದಾಗ ನಾವು ಕಳೆದುಕೊಳ್ಳುವುದು ಹಳೆಯ ರಾಗವೊಂದನ್ನಷ್ಟೇ ಅಲ್ಲ. ಆಶೀರ್ವದಿಸುವ ಅಧಿಕಾರ ಪಡೆದಿದ್ದ ಹಿರಿಯ ಹೆಂಗಸರ ದನಿಯನ್ನು.

ಪರಂಪರೆಯ ಬಾಳಿಕೆಯ ಮೌಲ್ಯ ಅದರ ವಯಸ್ಸಿನಲ್ಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಹಳತೆಲ್ಲ ಒಳ್ಳೆಯದೆಂದು ಹೇಳಲು ಕ್ರೈಸ್ತನಿಗೆ ಕಾರಣವಿಲ್ಲ. ಕಲೆಯೊಂದು ನೂರಾರು ವರ್ಷ ಜನರ ಕೈಯಲ್ಲಿ, ಬಾಯಲ್ಲಿ ಸವೆದು ನಯವಾದಾಗ ಅದರಲ್ಲಿ ಒಂದು ಶಿಸ್ತು ನೆಲೆಗೊಳ್ಳುತ್ತದೆ. ಎಲ್ಲಿ ನಿಲ್ಲಬೇಕು, ಎಷ್ಟು ಹೇಳಬೇಕು, ಯಾರನ್ನು ಮೊದಲು ನೆನೆಯಬೇಕು ಎಂಬ ವಿವೇಕ ಅದು. ಸಿರಾಖನ ಗ್ರಂಥದ 38ನೆಯ ಅಧ್ಯಾಯ ಕುಂಬಾರ, ಕಮ್ಮಾರ, ಮುದ್ರೆ ಕೊರೆಯುವವರನ್ನು ಕುರಿತು ಹೇಳುವಾಗ, ಅವರು ಸಭೆಯಲ್ಲಿ ಉನ್ನತಾಸನ ಪಡೆಯದಿದ್ದರೂ ಲೋಕದ ಕಟ್ಟಡವನ್ನು ಎತ್ತಿಹಿಡಿದಿರುವವರು ಅವರೇ, ಅವರ ಕಸುಬೇ ಅವರ ಪ್ರಾರ್ಥನೆ ಎಂಬ ಅಭಿಪ್ರಾಯಕ್ಕೆ ಬರುತ್ತದೆ. ಕಸುಬನ್ನು ಪ್ರಾರ್ಥನೆಯೆಂದು ಎಣಿಸುವ ಗ್ರಂಥ ನಮ್ಮ ಕೈಯಲ್ಲಿರುವಾಗ ಕುಶಲಕಲೆಯನ್ನು ಹೊರಗಿನ ಅಲಂಕಾರವೆಂದು ಬಗೆಯುವುದು ಹೇಗೆ?

ಐಗುಪ್ತದ ಚಿನ್ನ

ಸ್ಟೀಫನ್ಸ್ ಅವರ ಕೃತಿಯನ್ನು ಹೊಗಳಿ ಮುಗಿಸುವುದು ವಿಮರ್ಶೆಯಾಗದು. ಪರಂಪರೆಯನ್ನು ನಾಶಮಾಡಿದ ವ್ಯವಸ್ಥೆಯ ನೆರಳಿನಲ್ಲಿ ನಿಂತು ಆ ಪರಂಪರೆಯ ರೂಪವನ್ನೇ ಎತ್ತಿಕೊಂಡದ್ದು ಗೌರವವೋ, ಕೊಳ್ಳೆಯೋ ಎಂಬ ಪ್ರಶ್ನೆಯನ್ನು ಎದುರಿಸಲೇಬೇಕು. ಧರ್ಮಸಭೆಯ ಪಿತೃಗಳಲ್ಲಿ ಒರಿಜೆನ್, ಅಗಸ್ಟೀನ್ ಇಬ್ಬರೂ ಅನ್ಯಸಂಸ್ಕೃತಿಯ ವಿದ್ಯೆಯನ್ನು ಐಗುಪ್ತದ ಚಿನ್ನಕ್ಕೆ ಹೋಲಿಸಿದರು. ಇಸ್ರಯೇಲರು ಹೊರಡುವಾಗ ಐಗುಪ್ತರಿಂದ ಬೆಳ್ಳಿಬಂಗಾರ ಪಡೆದು ದೇವರ ಸೇವೆಗೆ ಬಳಸಿದಂತೆ, ನಾವೂ ಅನ್ಯರ ವಿದ್ಯೆಯನ್ನು ಬಳಸಬಹುದು ಎಂಬುದು ಅವರ ವಾದ. ಅದು ಆ ಕಾಲಕ್ಕೆ ಬಿಡುಗಡೆ ತಂದ ಹೋಲಿಕೆ. ಆದರೆ ಅದರಲ್ಲಿ ಒಂದು ಕೊರತೆಯಿದೆ: ಚಿನ್ನ ಮಾತ್ರ ಬೇಕು, ಚಿನ್ನದೊಡೆಯರು ಬೇಡ.

ವಿಮೋಚನಾಕಾಂಡವನ್ನು ಮುಂದಕ್ಕೆ ಓದಿದರೆ ಇನ್ನೊಂದು ಅಂಶ ಹೊಳೆಯುತ್ತದೆ. ಆ ಚಿನ್ನದಿಂದಲೇ ದೇವದರ್ಶನದ ಗುಡಾರವಾಯಿತು, ಆ ಚಿನ್ನದಿಂದಲೇ ಹೋರಿಕರುವೂ ಆಯಿತು. ಲೋಹ ಒಂದೇ. ವ್ಯತ್ಯಾಸವಿದ್ದದ್ದು ಎರಡರಲ್ಲಿ. ಕರುವಿಗಾಗಿ ಜನ ಓಲೆಗಳನ್ನು ಅವಸರದಲ್ಲಿ ಕಿತ್ತುಕೊಟ್ಟರು. ಗುಡಾರಕ್ಕಾಗಿ ಹೃದಯ ಪ್ರೇರೇಪಿಸಿದವರು ಕಾಣಿಕೆ ತಂದರು, ಕುಶಲ ಸ್ತ್ರೀಯರು ತಮ್ಮ ಕೈಯಾರೆ ನೂತು ತಂದರು. ಮತ್ತೆ, ಗುಡಾರದ ಕೆಲಸಕ್ಕೆ ಬೆಚಲೇಲನಿದ್ದ. ದೇವರು ತಮ್ಮ ಆತ್ಮದಿಂದ ತುಂಬಿಸಿದೆನೆಂದು ಹೇಳುವ ಆ ಮನುಷ್ಯ ಯಾಜಕನೂ ಅಲ್ಲ, ಪ್ರವಾದಿಯೂ ಅಲ್ಲ, ಕಸುಬುದಾರ. ಪ್ರೀತಿಯಿಂದ ಕೊಟ್ಟ ಕಾಣಿಕೆ, ತಾಳ್ಮೆಯಿಂದ ಕಲಿತ ಕೈ ಇವೆರಡೂ ಇಲ್ಲದೆಡೆ ಯಾವ ಪರಂಪರೆಯ ಬಂಗಾರವೂ ಬಹುಬೇಗ ಕರುವಾಗುತ್ತದೆ.

‘ಕ್ರಿಸ್ತಪುರಾಣ’ವನ್ನು ಈ ಎರಡು ಅಳತೆಗೋಲುಗಳಿಂದ ನೋಡೋಣ. ತಾಳ್ಮೆಯಿಂದ ಕಲಿತ ಕೈ ಅದರಲ್ಲಿದೆ ಎಂಬುದಕ್ಕೆ ವ್ಯಾಕರಣವೇ ಸಾಕ್ಷಿ. ಕಾಣಿಕೆಯ ಅಂಶವೂ ಇದೆ: ಕೇಳಿದವರು ಆ ನೆಲದ ಜನ, ಕೊಟ್ಟ ನುಡಿ ಅವರದು, ನಂತರ ಕಾಪಾಡಿದವರೂ ಅವರೇ. ಆದರೆ ಅವರ ಕಾಣಿಕೆ ಸ್ವತಂತ್ರವಾದುದಾಗಿರಲಿಲ್ಲ. ಹಿಂದಿನದನ್ನು ಕಳೆದುಕೊಂಡ ಮೇಲೆ ಕೇಳಿದ್ದು. ಈ ಇಕ್ಕಟ್ಟು ಪಠ್ಯದ ಪದಗಳಲ್ಲೂ ಕಾಣುತ್ತದೆ. ಮಂಗಳೂರು ಆವೃತ್ತಿಯ ಪಾಠದಲ್ಲಿ ಪೋರ್ಚುಗೀಸ್ ಧಾರ್ಮಿಕ ಶಬ್ದಗಳು ಹಾಗೆಯೇ ನಿಂತಿದ್ದರೆ, ಲಂಡನ್ನಿನ ಮಾರ್ಸ್‌ಡನ್ ಸಂಗ್ರಹದ ದೇವನಾಗರಿ ಹಸ್ತಪ್ರತಿಯಲ್ಲಿ ಅವುಗಳ ಎಡೆಯಲ್ಲಿ ಸಂಸ್ಕೃತಮೂಲದ ಶಬ್ದಗಳಿವೆ. ಯಾವುದು ಮೂಲ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ನಮಗೆ ಮುಖ್ಯವಾದುದು ಇಷ್ಟೇ: ಸ್ವರ್ಗವನ್ನು ವೈಕುಂಠವೆಂದು ಕರೆಯುವಾಗ ಕವಿ ಒಂದು ಇಡೀ ಲೋಕದ ನೆನಪನ್ನು ಒಳಗೆ ಕರೆಯುತ್ತಾನೆ, ಪೋರ್ಚುಗೀಸ್ ಶಬ್ದವನ್ನು ಉಳಿಸಿದಾಗ ಆ ನೆನಪಿಗೆ ಬಾಗಿಲು ಹಾಕುತ್ತಾನೆ. ಎರಡರಲ್ಲಿಯೂ ಅಪಾಯವಿದೆ, ಎರಡರಲ್ಲಿಯೂ ವಿಶ್ವಾಸವಿದೆ. ಅಪಾಯವೇ ಇಲ್ಲದ ಅನುವಾದವನ್ನು ಹುಡುಕುವವನು ಮನುಷ್ಯಾವತಾರದ ರಹಸ್ಯವನ್ನು ಇನ್ನೂ ಎದುರಿಸಿಲ್ಲ.

ಯಾರ ಪರಂಪರೆ?

ಇಲ್ಲಿ ಇನ್ನೂ ಕಠಿಣವಾದ ಪ್ರಶ್ನೆ ಏಳುತ್ತದೆ. ‘ಕ್ರಿಸ್ತಪುರಾಣ’ದೊಳಗೆ ಪ್ರಶ್ನೆ ಕೇಳುವವನು ಬ್ರಾಹ್ಮಣ. ಗೇಣಿ ಹೊಲದಲ್ಲಿ ಬಗ್ಗಿದವನಿಗೆ, ತೆಂಗಿನ ಮರ ಹತ್ತುವವನಿಗೆ ಆ ಕಾವ್ಯದಲ್ಲಿ ಕೇಳುವ ಹಕ್ಕಿದೆ; ಪ್ರಶ್ನಿಸುವ ದನಿ ಅಷ್ಟಾಗಿ ಇಲ್ಲ. ಇದು ಅಂದಿನ ದೋಷ ಮಾತ್ರವಲ್ಲ. 1969ರಲ್ಲಿ ರೋಮಿನ ಒಪ್ಪಿಗೆ ಪಡೆದ ಹನ್ನೆರಡು ಅಂಶಗಳು ಅಂಜಲಿ, ಪಂಚಾಂಗ ಪ್ರಣಾಮ, ಆರತಿ, ಎಣ್ಣೆಯ ದೀಪ, ತಟ್ಟೆ, ಅಂಗವಸ್ತ್ರಗಳನ್ನು ನಮ್ಮ ಬಲಿಪೂಜೆಗೆ ತಂದವು. ಅವುಗಳ ಚೆಲುವನ್ನು ಅಲ್ಲಗಳೆಯಲಾಗದು. ಆದರೂ ಭಾರತೀಯವೆಂದು ಆರಿಸಿದ ಸಂಕೇತಗಳಲ್ಲಿ ಬಹುಪಾಲು ದೇಗುಲದ ಒಳಗಿನವು. ನಮ್ಮ ವಿಶ್ವಾಸಿಗಳಲ್ಲಿ ಬಹಳಷ್ಟು ಮಂದಿಯ ಪೂರ್ವಿಕರು ದೇಗುಲದ ಹೊರಗೆ ನಿಲ್ಲಿಸಲ್ಪಟ್ಟವರು. ಕನ್ನಡದಲ್ಲಿ ‘ಸಂಸ್ಕೃತೀಕರಣ’ ಎಂಬ ಶಬ್ದ ಶುಭಸಂದೇಶವು ಸಂಸ್ಕೃತಿಯಲ್ಲಿ ಬೇರೂರುವುದಕ್ಕೂ, ಎಂ. ಎನ್. ಶ್ರೀನಿವಾಸ್ ಅವರು ಗುರುತಿಸಿದ ಮೇಲ್ಜಾತಿಯ ಅನುಕರಣಕ್ಕೂ ಒದಗಬಲ್ಲದು. ಶಬ್ದದ ಈ ಗೊಂದಲ ನಮ್ಮ ಆಚರಣೆಯಲ್ಲೂ ಇಣುಕಿದೆ.

ಅರವಿಂದ ನಿರ್ಮಲ್ ಅವರು 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಮಾಡಿದ ಭಾಷಣ ದಲಿತ ದೈವಶಾಸ್ತ್ರಕ್ಕೆ ಬುನಾದಿಯಾದುದು ಇಂಥ ಅಸಮಾಧಾನದಿಂದಲೇ. ಸತ್ಯನಾಥನ್ ಕ್ಲಾರ್ಕ್ 1998ರ ತಮ್ಮ ಗ್ರಂಥದಲ್ಲಿ ತಮಿಳುನಾಡಿನ ಪರೈಯರ ಚರ್ಮವಾದ್ಯವನ್ನೇ ದೈವಶಾಸ್ತ್ರದ ಆಕರವಾಗಿ ಪರಿಗಣಿಸಿದರು. ಬರಹದಿಂದ ದೂರವಿರಿಸಲ್ಪಟ್ಟ ಜನ ತಮ್ಮ ದೈವಾನುಭವವನ್ನು ನಾದದಲ್ಲಿ ಕಾಪಾಡಿಕೊಂಡರು ಎಂಬುದು ಅವರ ಪ್ರತಿಪಾದನೆಯ ಸಾರ. ನಮ್ಮ ತಮಟೆಯ ಮಾತೂ ಇದೇ. ಸಾವಿನ ಮನೆಯಲ್ಲಿ ಬಾರಿಸಲು ಕಟ್ಟುಪಾಡಿನಿಂದ ಒಳಪಟ್ಟವರ ವಾದ್ಯ ಅದು. ಪುನರುತ್ಥಾನದ ಜಾಗರಣೆಯಲ್ಲಿ ಅದು ಮೊಳಗಿದರೆ ಅಪಮಾನದ ಗುರುತು ಸಾವಿನ ಮೇಲಿನ ಜಯಘೋಷವಾಗಬಲ್ಲದು. ಬಾರಿಸುವವರ ಮನಸ್ಸನ್ನು ಕೇಳದೆ ನಾವೇ ಅದನ್ನು ಮೆರವಣಿಗೆಗೆ ಎಳೆದು ತಂದರೆ ಅದು ಹಳೆಯ ಬಿಟ್ಟಿಚಾಕರಿಯ ಮುಂದುವರಿಕೆಯಷ್ಟೇ. ಕಾಣಿಕೆ, ಕೊಳ್ಳೆಗಳ ನಡುವಣ ಗೆರೆ ಇಲ್ಲಿ ಹಾದುಹೋಗುತ್ತದೆ.

ನಡೆನುಡಿಯ ಮಾತು

ಶಿಷ್ಟಾಚಾರಗಳ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಕ್ರಿಸ್ತಯೇಸು ಆಚಾರಗಳನ್ನು ಕಡೆಗಣಿಸಿದರೆಂಬ ಭಾವನೆ ನಮ್ಮ ಪ್ರಬೋಧನೆಗಳಲ್ಲಿ ಸುಲಭವಾಗಿ ನುಸುಳುತ್ತದೆ. ಮಾರ್ಕನ 7ನೆಯ ಅಧ್ಯಾಯದಲ್ಲಿ ಅವರು ಕೈತೊಳೆಯುವ ಸಂಪ್ರದಾಯದ ಹೆಸರಿನಲ್ಲಿ ದೇವರ ಕಟ್ಟಳೆಯನ್ನು ಬದಿಗಿಟ್ಟವರನ್ನು ಖಂಡಿಸುವುದು ನಿಜ. ಆದರೆ ಲೂಕನ 7ನೆಯ ಅಧ್ಯಾಯದಲ್ಲಿ ಅದೇ ಯೇಸು ಫರಿಸಾಯ ಸಿಮೋನನ ಮನೆಯಲ್ಲಿ ತಮಗೆ ಕಾಲಿಗೆ ನೀರು ದೊರೆಯಲಿಲ್ಲ, ಮುತ್ತಿಟ್ಟು ಸ್ವಾಗತಿಸಲಿಲ್ಲ, ತಲೆಗೆ ಎಣ್ಣೆ ಹಚ್ಚಲಿಲ್ಲ ಎಂಬುದನ್ನು ಒಂದೊಂದಾಗಿ ಎಣಿಸಿ ಹೇಳುತ್ತಾರೆ. ಮೊದಲನೆಯದು ಜನರನ್ನು ಹೊರಗಿಡುವ ಆಚಾರ. ಎರಡನೆಯದು ಬಂದವರನ್ನು ಒಳಗೊಳ್ಳುವ ಆಚಾರ. ಊರಲ್ಲಿ ಪಾಪಿಯೆನಿಸಿದ ಹೆಂಗಸು ಎರಡನೆಯ ಆಚಾರವನ್ನು ಮನೆಯೊಡೆಯನಿಗಿಂತ ಚೆನ್ನಾಗಿ ಬಲ್ಲವಳಾಗಿದ್ದಳು. ಬಂದವರಿಗೆ ಬೆಲ್ಲ ನೀರು ಕೊಡುವುದು, ಹೊಸ್ತಿಲ ಹೊರಗೆ ಪಾದರಕ್ಷೆ ಬಿಡುವುದು, ಹಿರಿಯರ ಮುಂದೆ ದನಿ ತಗ್ಗಿಸುವುದು, ಹೊಸ ತೆನೆಯನ್ನು ಮೊದಲು ದೇವರ ಮುಂದಿಟ್ಟು ಆಮೇಲೆ ಉಣ್ಣುವುದು: ಇವುಗಳಲ್ಲಿ ದೇಹವೇ ಕಲಿತ ದೈವಶಾಸ್ತ್ರವಿದೆ. ಆದರೆ ಅದೇ ಬೆಲ್ಲ ನೀರನ್ನು ಕೆಲವರಿಗೆ ಬೇರೆ ಲೋಟದಲ್ಲಿ ಕೊಟ್ಟಾಗ ಅದು ಮಾರ್ಕನ ಅಧ್ಯಾಯಕ್ಕೆ ಸೇರಿತು. 1659ರಲ್ಲಿ ರೋಮಿನ ಪ್ರಚಾರಮಂಡಲಿ ಪ್ರೇಷಿತರಿಗೆ ಕೊಟ್ಟ ಸೂಚನೆಯ ತಾತ್ಪರ್ಯವೂ ಇದಕ್ಕೆ ಹೊಂದುತ್ತದೆ: ಧರ್ಮಕ್ಕೂ ಸನ್ನಡತೆಗೂ ಸ್ಪಷ್ಟವಾಗಿ ವಿರುದ್ಧವಾಗದ ಹೊರತು ಜನರ ರೀತಿನೀತಿಗಳನ್ನು ಕದಲಿಸಬಾರದು.

ನಗರದ ಬಾಗಿಲು

ಪ್ರಕಟನೆಯ 21ನೆಯ ಅಧ್ಯಾಯ ಐಗುಪ್ತದ ಚಿನ್ನದ ಹೋಲಿಕೆಗಿಂತ ಉತ್ತಮವಾದ ಚಿತ್ರವನ್ನು ಕೊಡುತ್ತದೆ. ಹೊಸ ಜೆರುಸಲೇಮಿನ ಬಾಗಿಲುಗಳು ಮುಚ್ಚುವುದಿಲ್ಲ. ಜನಾಂಗಗಳು ತಮ್ಮ ವೈಭವವನ್ನೂ ಗೌರವವನ್ನೂ ತಾವೇ ಹೊತ್ತು ತರುತ್ತವೆ. ಮುಂದಿನ ವಚನವೇ ಅಶುದ್ಧವಾದುದು ಯಾವುದೂ ಒಳಗೆ ಬರದೆಂದು ಎಚ್ಚರಿಸುತ್ತದೆ. ಪರಂಪರೆಯ ಕಲೆಗಳಿಗೆ ಅಂತ್ಯಕಾಲದವರೆಗೆ ಬಾಳುವ ಮೌಲ್ಯವಿದೆ ಎಂಬ ಭರವಸೆ ಒಂದು ವಚನದಲ್ಲಿ, ಅವು ಶೋಧನೆಗೆ ಒಳಪಡಬೇಕೆಂಬ ನಿಯಮ ಇನ್ನೊಂದರಲ್ಲಿ. ಇವೆರಡನ್ನೂ ಒಟ್ಟಿಗೆ ಹಿಡಿಯದ ಸಂಸ್ಕೃತಿಚಿಂತನೆ ಒಂದೋ ವಸ್ತುಸಂಗ್ರಹಾಲಯವಾಗುತ್ತದೆ, ಇಲ್ಲವೇ ಮುಟ್ಟುಗೋಲಾಗುತ್ತದೆ.

ಗುರುದೀಕ್ಷೆಗೆ ಸಿದ್ಧರಾಗುತ್ತಿರುವ ಸೋದರರಿಗೆ ಇದರಿಂದ ಒದಗುವ ಕರ್ತವ್ಯ ಸರಳವಾದುದು, ಸುಲಭವಾದುದಲ್ಲ. ಫರ್ಡಿನಾಂಡ್ ಕಿಟ್ಟೆಲ್ ಅವರು 1872ರಲ್ಲಿ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ, 1894ರಲ್ಲಿ ಮಹಾನಿಘಂಟನ್ನು ಪ್ರಕಟಿಸಿದ್ದು ಈ ನೆಲದ ವಿದ್ಯೆಗೆ ಶಿಷ್ಯರಾಗಿ. ಛಂದಸ್ಸನ್ನು ಕಲಿಯದೆ ಕೀರ್ತನೆ ರಚಿಸುವ, ರಾಗವನ್ನು ಕಲಿಯದೆ ಗಾಯನವೃಂದ ನಡೆಸುವ ನಮ್ಮ ಅವಸರಕ್ಕೆ ಆ ಶ್ರಮ ಉತ್ತರವಾಗಿದೆ. ಯಾವುದಾದರೂ ಒಂದು ದೇಶೀಯ ಕಲೆಯ ನಿಯಮಗಳಿಗೆ ಕೆಲವು ವರ್ಷ ಶಿಷ್ಯರಾಗಿ ಒಳಪಡುವುದು ದೈವಶಾಸ್ತ್ರಾಭ್ಯಾಸದ ಭಾಗವೇ ಆಗಬೇಕು. ಪೀಠದ ಮೇಲಿನ ಹಣತೆಯನ್ನು ಮಾಡಿದ ಕುಂಬಾರನ ಮನೆಯ ದಾರಿ ಗುರುವಿಗೆ ಗೊತ್ತಿರಬೇಕು. ಯಾವ ಕಲೆಯನ್ನು ಗುಡಿಯೊಳಗೆ ತರುವಾಗಲೂ, ಇದನ್ನು ಕಾಪಾಡಿದವರಿಗೆ ನಮ್ಮ ಪಂಕ್ತಿಯಲ್ಲಿ ಎಲೆ ಹಾಕಿದೆಯೇ ಎಂದು ಕೇಳಬೇಕು. ‘ಕ್ರಿಸ್ತಪುರಾಣ’ದ ಆರಂಭದಲ್ಲಿ ಶ್ರೋತೃವೊಬ್ಬ ಎತ್ತಿದ ಪ್ರಶ್ನೆ ಇನ್ನೂ ನಮ್ಮ ಮುಂದಿದೆ. ಅದಕ್ಕೆ ಸ್ಟೀಫನ್ಸ್ 11,000 ಓವಿಗಳಲ್ಲಿ ಉತ್ತರ ಕೊಡಲೆತ್ನಿಸಿದರು. ಪ್ರಶ್ನಿಸಲು ಅಂದು ಅವಕಾಶ ಸಿಗದವರ ಪ್ರಶ್ನೆಗೆ ಉತ್ತರ ಕೊಡುವ ಭಾರ ನಮ್ಮ ಪಾಲಿಗೆ ಉಳಿದಿದೆ.